ಎಲ್ಲಿ ನಿಂತು ನೋಡುತ್ತಿದ್ದೇವೆ?

ರೇಡಿಯೋ ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ಇರುವುದಿಲ್ಲ. ಯಾವ ಆಕರದ ಕಡೆಗೆ, ಯಾವ ಹೊತ್ತಿಗೆ, ಎಷ್ಟು ನಿಮಿಷ, ಯಾವ ಆವರ್ತನದಲ್ಲಿ ಆಂಟೆನಾ ತಿರುಗಿರಬೇಕು ಎಂಬುದನ್ನೆಲ್ಲ ಮೊದಲೇ ಬರೆದಿಟ್ಟಿರಬೇಕು. ಬರೆದದ್ದನ್ನು ಯಂತ್ರ ಸಾಲುಸಾಲಾಗಿ ಓದಿಕೊಂಡು ಹೋಗುತ್ತದೆ. ಹಾಗಾಗಿ ಈ ಶಾಸ್ತ್ರದಲ್ಲಿ ವೀಕ್ಷಣೆಯ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯುವುದು ಕಂಪ್ಯೂಟರಿನ ಮುಂದೆ, ವೀಕ್ಷಣೆಗೆ ವಾರಗಳ ಮೊದಲು. ಆಕರ ಎಷ್ಟು ಹೊತ್ತಿಗೆ ಹುಟ್ಟುತ್ತದೆ, ಎಷ್ಟು ಎತ್ತರಕ್ಕೆ ಏರುತ್ತದೆ, ಎಷ್ಟು ಹೊತ್ತಿಗೆ ಮುಳುಗುತ್ತದೆ, ನಡುನಡುವೆ ಉಪಕರಣವನ್ನು ಸರಿಹೊಂದಿಸಲು ಬೇಕಾದ ಕ್ಯಾಲಿಬ್ರೇಟರ್ ಆಕರಗಳು ಯಾವಾಗ ಸಿಗುತ್ತವೆ ಎಂದು ಲೆಕ್ಕ ಹಾಕಿಕೊಡುವ ತಂತ್ರಾಂಶಗಳೇ ಆಗ ನಮ್ಮ ಕಣ್ಣು.

ನಾನು ಅಂಥದೊಂದು ತಂತ್ರಾಂಶ ಬರೆದವನು. ಅದನ್ನು ಅತಿಯಾಗಿ ನಂಬಿ ಒಬ್ಬ ವಿದ್ಯಾರ್ಥಿನಿಗೆ ಸಿಕ್ಕ ಅಮೂಲ್ಯ ಸಮಯವನ್ನು ಕಳೆದವನು. ಕಳೆದದ್ದು ನನ್ನಿಂದ ಎಂದು ಬಹಳ ಕಾಲ ಹೇಳದೆ ಉಳಿದವನು. ಲೆಕ್ಕದ ತಪ್ಪು ಯಾರಿಂದಲೂ ಆದೀತು. ಹೇಳದೆ ಉಳಿದದ್ದು ನಾನು ಆರಿಸಿಕೊಂಡ ದಾರಿ. ಎರಡನ್ನೂ ಈಗ ಬರೆದಿಡುತ್ತಿದ್ದೇನೆ, ಏಕೆಂದರೆ ಇಂಥ ತಂತ್ರಾಂಶ ಬರೆಯುವ ಹುಡುಗ ಹುಡುಗಿಯರು ಇವತ್ತು ನಮ್ಮ ಉಡುಪಿ, ಮಣಿಪಾಲ, ಕಾರ್ಕಳಗಳಲ್ಲೂ ಇದ್ದಾರೆ. ಅವರಿಗೆ ಇದು ಉಪಯೋಗಕ್ಕೆ ಬರಬೇಕು.

ತಂತ್ರಾಂಶ ಹುಟ್ಟಿದ್ದು ಮಣಿಪಾಲದ ಒಂದು ತಾರಸಿಯಲ್ಲಿ. ನಾನು ಕಾರ್ಕಳದವನು, ಭೌತಶಾಸ್ತ್ರ ಕಲಿಸುವವನು. ರೇಡಿಯೋ ಖಗೋಳವಿಜ್ಞಾನವನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ ಸಾಲದು, ಮಕ್ಕಳ ಕೈಗೆ ಸಿಗಬೇಕು ಎಂದು ಅಲ್ಯೂಮಿನಿಯಂ ಹಾಳೆ ಬಾಗಿಸಿ ಒಂದು ಹಾರ್ನ್ ಆಂಟೆನಾ ಮಾಡಿದ್ದೆವು. ಆಕಾಶಗಂಗೆಯಲ್ಲಿ ಹರಡಿರುವ ಹೈಡ್ರೋಜನ್ ಪರಮಾಣುಗಳು 1420.4 ಮೆಗಾಹರ್ಟ್ಸ್ ಆವರ್ತನದಲ್ಲಿ, ಅಂದರೆ 21 ಸೆಂಟಿಮೀಟರ್ ತರಂಗಾಂತರದಲ್ಲಿ, ಬಹಳ ಕ್ಷೀಣವಾದ ಸಂಕೇತ ಹೊರಡಿಸುತ್ತವೆ. ಆ ಅನಿಲ ನಮ್ಮ ಕಡೆಗೆ ಬರುತ್ತಿದ್ದರೆ ಆವರ್ತನ ತುಸು ಏರುತ್ತದೆ, ದೂರ ಸರಿಯುತ್ತಿದ್ದರೆ ತುಸು ಇಳಿಯುತ್ತದೆ. ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗಕ್ಕೆ ಸುಮಾರು 4.7 ಕಿಲೋಹರ್ಟ್ಸ್ ವ್ಯತ್ಯಾಸ. ಟಿವಿ ಹಿಡಿಯಲೆಂದು ತಯಾರಾದ ಅಗ್ಗದ ಯುಎಸ್‌ಬಿ ರಿಸೀವರ್ ಒಂದಕ್ಕೆ ಒಳ್ಳೆಯ ಆಂಪ್ಲಿಫೈಯರ್ ಜೋಡಿಸಿದರೆ ಆಕಾಶಗಂಗೆ ತಿರುಗುತ್ತಿರುವುದನ್ನು ತಾರಸಿಯ ಮೇಲಿನಿಂದಲೇ ಅಳೆಯಬಹುದು. ರೇಡಿಯೋ ಖಗೋಳವಿಜ್ಞಾನಕ್ಕಾಗಿ ಜಗತ್ತೆಲ್ಲ 1400ರಿಂದ 1427 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಪ್ರಸಾರಕ್ಕೆ ಬಳಸದೆ ಕಾಯ್ದಿಟ್ಟಿರುವುದರಿಂದ ಮಣಿಪಾಲದಂಥ ಗಿಜಿಗುಡುವ ಊರಲ್ಲೂ ಇದು ಸಾಧ್ಯವಾಗುತ್ತದೆ.

ಹಾರ್ನ್ ಒಂದೇ ದಿಕ್ಕಿಗೆ ನಿಂತಿರುತ್ತದೆ, ಭೂಮಿ ತಿರುಗಿದಂತೆ ಆಕಾಶ ಅದರೆದುರು ಹಾದುಹೋಗುತ್ತದೆ. ಆಕಾಶಗಂಗೆಯ ಯಾವ ಭಾಗ ಎಷ್ಟು ಹೊತ್ತಿಗೆ ಹಾದುಹೋದೀತು ಎಂದು ತಿಳಿಯಬೇಕಿತ್ತು. ನಕ್ಷತ್ರಗಳ ದಿನ ಸೂರ್ಯನ ದಿನಕ್ಕಿಂತ ಸುಮಾರು ನಾಲ್ಕು ನಿಮಿಷ ಚಿಕ್ಕದು. ಇಂದು ರಾತ್ರಿ ಹತ್ತಕ್ಕೆ ನೆತ್ತಿಗೆ ಬಂದದ್ದು ಒಂದು ತಿಂಗಳ ನಂತರ ಎಂಟಕ್ಕೇ ಬಂದುಬಿಡುತ್ತದೆ. ಈ ಲೆಕ್ಕವನ್ನೆಲ್ಲ ಮಾಡಿಕೊಡಲು ಪೈಥಾನ್ ಭಾಷೆಯಲ್ಲಿ ಆಸ್ಟ್ರೋಪೈ ಎಂಬ ಉಚಿತ ಸಂಗ್ರಹವಿದೆ. ಅದನ್ನು ಬಳಸಿ ಒಂದು ಚಿಕ್ಕ ತಂತ್ರಾಂಶ ಬರೆದೆ. ಅದರ ಮೇಲ್ಭಾಗದಲ್ಲಿ ಒಂದು ಸಾಲು: ಅಕ್ಷಾಂಶ 13.35, ರೇಖಾಂಶ 74.79. ಅದು ಮಣಿಪಾಲ. ಆ ಸಾಲನ್ನು ಬರೆದು ಮರೆತೆ.

ತಂತ್ರಾಂಶ ಚೆನ್ನಾಗಿಯೇ ಕೆಲಸ ಮಾಡಿತು. ಅದು ಹೇಳಿದ ಹೊತ್ತಿಗೆ ಹೈಡ್ರೋಜನ್ ಗೆರೆ ಪರದೆಯ ಮೇಲೆ ಎದ್ದು ಬಂದಾಗ ಮಕ್ಕಳು ಕುಣಿದರು, ನಾನೂ ಹಿಗ್ಗಿದೆ. ವರ್ಷದಿಂದ ವರ್ಷಕ್ಕೆ ಅದಕ್ಕೆ ಹೊಸ ಅಂಗಗಳು ಸೇರಿದವು. ಬಣ್ಣದ ನಕ್ಷೆ ಬಂತು, ಕ್ಯಾಲಿಬ್ರೇಟರ್‌ಗಳ ಪಟ್ಟಿ ಬಂತು. ಕೊನೆಗೆ, ಮಹಾರಾಷ್ಟ್ರದ ಖೋಡದ್‌ನಲ್ಲಿರುವ ಜಿಎಂಆರ್‌ಟಿ ದೂರದರ್ಶಕಕ್ಕೂ ಇದರಲ್ಲೇ ಯೋಜನೆ ಮಾಡಬಹುದಲ್ಲ ಎಂದು ಅನ್ನಿಸಿತು.

ಜಿಎಂಆರ್‌ಟಿ ನಮ್ಮ ದೇಶದ ಹೆಮ್ಮೆ. ಗೋವಿಂದ ಸ್ವರೂಪ್ ಅವರ ಮುಂದಾಳುತನದಲ್ಲಿ ಕಟ್ಟಿದ್ದು. ಪುಣೆಯಿಂದ ಉತ್ತರಕ್ಕೆ, ನಾರಾಯಣಗಾಂವ್ ಹತ್ತಿರ, 45 ಮೀಟರ್ ವ್ಯಾಸದ 30 ಆಂಟೆನಾಗಳು. 14 ನಡುವಿನ ಒಂದು ಕಿಲೋಮೀಟರ್ ಚೌಕದಲ್ಲಿ, ಉಳಿದ 16 ಇಂಗ್ಲಿಷಿನ ವೈ ಅಕ್ಷರದಂತೆ ಮೂರು ತೋಳುಗಳಲ್ಲಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 25 ಕಿಲೋಮೀಟರ್. ಎರಡೆರಡು ಆಂಟೆನಾಗಳನ್ನು ಜೋಡಿ ಮಾಡಿದರೆ 435 ಜೋಡಿಗಳಾಗುತ್ತವೆ. ಒಂದೊಂದು ಜೋಡಿಯೂ ಚಿತ್ರದ ಒಂದೊಂದು ಅಂಶವನ್ನು ಹಿಡಿಯುತ್ತದೆ. ಭೂಮಿ ತಿರುಗಿದಂತೆ ಆಕರದ ಕಡೆಯಿಂದ ಕಾಣುವ ಜೋಡಿಗಳ ಅಂತರವೂ ದಿಕ್ಕೂ ಬದಲಾಗುತ್ತ ಹೋಗುವುದರಿಂದ ಚಿತ್ರ ತುಂಬಿಕೊಳ್ಳುತ್ತದೆ. ವರ್ಷಕ್ಕೆ ಎರಡು ಅವಧಿಗಳಿಗೆ ಅರ್ಜಿ ಕರೆಯುತ್ತಾರೆ. ದೇಶವಿದೇಶಗಳಿಂದ ಬಂದ ಅರ್ಜಿಗಳನ್ನು ಸಮಿತಿಯೊಂದು ತೂಗಿ ನೋಡಿ ಗಂಟೆಗಳ ಲೆಕ್ಕದಲ್ಲಿ ಸಮಯ ಹಂಚುತ್ತದೆ. ಆ ಗಂಟೆಗಳಿಗೆ ಅಷ್ಟು ಬೇಡಿಕೆ.

ನನ್ನ ವಿದ್ಯಾರ್ಥಿನಿಯ ವಿಷಯ ಪಪ್ಪಿಸ್ ಎ. ಕೆಲವು ಸಾವಿರ ವರ್ಷಗಳ ಹಿಂದೆ ಸ್ಫೋಟಿಸಿದ ನಕ್ಷತ್ರವೊಂದರ ಅವಶೇಷ. ಹುಣ್ಣಿಮೆಯ ಚಂದ್ರನಿಗಿಂತ ಅಗಲವಾಗಿ ಹರಡಿಕೊಂಡಿರುವ, ಅಂಚುಗಳಲ್ಲಿ ಮಸುಕಾಗುತ್ತ ಹೋಗುವ ಅನಿಲದ ಚಿಪ್ಪು. ಅದು ದಕ್ಷಿಣದ ಆಕಾಶದ್ದು, ಖಗೋಳ ಮಧ್ಯರೇಖೆಯಿಂದ 43 ಡಿಗ್ರಿ ದಕ್ಷಿಣಕ್ಕೆ. ನಮಗೆ ನಾಲ್ಕು ಗಂಟೆ ಸಿಕ್ಕಿತು. ಕೇಳಿದ್ದಕ್ಕಿಂತ ಕಡಿಮೆ, ಆದರೆ ಆರಂಭದ ಹೆಜ್ಜೆ ಇಡುವವರಿಗೆ ದೊಡ್ಡದು.

ಆ ನಾಲ್ಕು ಗಂಟೆಗಳನ್ನು ಹೇಗೆ ಬಳಸುವುದು ಎಂದು ಯೋಚಿಸಿ ನಾನೊಂದು ಜಾಣ ದಾರಿ ಕಂಡುಕೊಂಡೆ. ಆಕರ ದಿಗಂತದ ಹತ್ತಿರ ಇರುವಾಗ ಪೂರ್ವ ಪಶ್ಚಿಮವಾಗಿ ನಿಂತ ಆಂಟೆನಾ ಜೋಡಿಗಳ ಅಂತರ ಆಕರದ ಕಡೆಯಿಂದ ಕುಗ್ಗಿದಂತೆ ಕಾಣುತ್ತದೆ. ಕುಗ್ಗಿದ ಅಂತರಗಳು ದೊಡ್ಡದಾಗಿ ಹರಡಿದ ಮಸುಕು ಭಾಗಗಳನ್ನು ಚೆನ್ನಾಗಿ ಹಿಡಿಯುತ್ತವೆ. ಹಾಗಾದರೆ ಎರಡು ಗಂಟೆ ಉದಯದ ಬದಿಗೆ, ಎರಡು ಗಂಟೆ ಅಸ್ತದ ಬದಿಗೆ ಹಾಕಿಕೊಂಡರೆ ಪಪ್ಪಿಸ್ ಎಯಂಥ ಹರವಿನ ಆಕರಕ್ಕೆ ಲಾಭ ಹೆಚ್ಚು. ತರ್ಕ ಸರಿಯಾಗಿತ್ತು. ಆದರೆ ಈ ಯೋಜನೆಯಲ್ಲಿ ಎಲ್ಲವೂ ನಿಂತದ್ದು ಆಕರ ಹುಟ್ಟುವ ಮತ್ತು ಮುಳುಗುವ ನಿಮಿಷಗಳ ಮೇಲೆ. ನಡುರಾತ್ರಿಯ ನಾಲ್ಕು ಗಂಟೆಗಳನ್ನು ಕೇಳಿದ್ದರೆ ಅರ್ಧ ಗಂಟೆಯ ತಪ್ಪು ನಡೆದುಹೋಗುತ್ತಿತ್ತು. ನಾನು ತಪ್ಪಿಗೆ ಜಾಗವೇ ಇಲ್ಲದ ಕಡೆ ಹೋಗಿ ನಿಂತಿದ್ದೆ.

ಜನವರಿ ಕೊನೆಯ ವಾರದ ಒಂದು ರಾತ್ರಿ. ನನ್ನ ತಂತ್ರಾಂಶದ ನಕ್ಷೆಯ ಮೇಲೆ ‘ಜಿಎಂಆರ್‌ಟಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಆಂಟೆನಾಗಳು ದಿಗಂತದಿಂದ 17 ಡಿಗ್ರಿಗಿಂತ ಕೆಳಗೆ ಬಾಗುವುದಿಲ್ಲ, ಆ ಮಿತಿಯನ್ನೂ ಹಾಕಿದ್ದೆ. ಪಪ್ಪಿಸ್ ಎ ರಾತ್ರಿ 9.07ಕ್ಕೆ ಮಿತಿಯ ಮೇಲಕ್ಕೆ ಬರುತ್ತದೆ, ಬೆಳಗಿನ ಜಾವ 3.53ಕ್ಕೆ ಕೆಳಗಿಳಿಯುತ್ತದೆ ಎಂದು ನಕ್ಷೆ ಹೇಳಿತು. 9ರಿಂದ 11, ನಡುವೆ ಬೇರೆಯವರ ವೀಕ್ಷಣೆ, ಮತ್ತೆ 2ರಿಂದ 4. ಇಬ್ಬರೂ ಖೋಡದ್‌ಗೆ ಹೋಗಿ ನಿಯಂತ್ರಣ ಕೊಠಡಿಯಲ್ಲಿ ಕೂತಿದ್ದೆವು.

ಮೊದಲ ಹತ್ತು ನಿಮಿಷ 3ಸಿ147 ಎಂಬ ಕ್ಯಾಲಿಬ್ರೇಟರ್ ಆಕರ ಸುಸೂತ್ರವಾಗಿ ಆಯಿತು. ಆಮೇಲೆ ಆಂಟೆನಾಗಳಿಗೆ ಪಪ್ಪಿಸ್ ಎ ಕಡೆಗೆ ತಿರುಗಲು ಆದೇಶ ಹೋಯಿತು. ಆಕರ ಇನ್ನೂ ಮಿತಿಗಿಂತ ಕೆಳಗಿದೆ ಎಂದರು ಪಾಳಿಯಲ್ಲಿದ್ದವರು. ಸ್ವಲ್ಪ ಕಾಯೋಣ ಎಂದೆ. ಕಾದದ್ದು ಅರ್ಧ ಗಂಟೆ ದಾಟಿತು. 9.46ರ ಹೊತ್ತಿಗೆ ಆಕರ ಮೇಲೆ ಬಂತು, ದತ್ತಾಂಶ ಹರಿಯತೊಡಗಿತು, ನನ್ನ ಜೀವಕ್ಕೆ ಸಮಾಧಾನವಾಯಿತು. ಏನೋ ಒಂದು ಅಡಚಣೆ, ಈಗ ಸರಿಹೋಯಿತು ಎಂದುಕೊಂಡೆ.

ಹನ್ನೊಂದರಿಂದ ಎರಡರವರೆಗೆ ನಮಗೆ ಬಿಡುವು. ವಿದ್ಯಾರ್ಥಿನಿ ತನ್ನ ಪುಸ್ತಕದಲ್ಲಿ ಏನೋ ಗೀಚುತ್ತಿದ್ದಳು. ಆಮೇಲೆ ಕೇಳಿದಳು: “ಸರ್, ಇಲ್ಲಿಯವರದ್ದೇ ಉದಯಾಸ್ತದ ಲೆಕ್ಕ ಉಂಟಲ್ಲ, ಅದರಲ್ಲಿ ಒಮ್ಮೆ ಹಾಕಿ ನೋಡುವನಾ?”

“ಬೇಡ, ನಮ್ಮ ಲೆಕ್ಕ ಸರಿ ಉಂಟು” ಎಂದೆ.

ಅವಳು ಪುಸ್ತಕ ಮುಚ್ಚಿದಳು. ಈ ಇಡೀ ವೃತ್ತಾಂತದಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಒಂದು ಮಾತು. ಕಣ್ಣೆದುರೇ ಅರ್ಧ ಗಂಟೆಗೂ ಮಿಕ್ಕಿ ಲೆಕ್ಕ ತಪ್ಪಿತ್ತು. ಅದನ್ನು ಕಂಡು ಪ್ರಶ್ನೆ ಕೇಳುವ ಬುದ್ಧಿ ಅವಳಿಗಿತ್ತು. ಅವಳು ಪುಸ್ತಕದಲ್ಲಿ ಗೀಚುತ್ತಿದ್ದದ್ದು ಅದೇ ಲೆಕ್ಕವೆಂದು ನನಗೆ ಆಮೇಲೆ ತಿಳಿಯಿತು. ನನ್ನ ತಂತ್ರಾಂಶವನ್ನು ಬೇರೊಂದರ ಜೊತೆ ಹೋಲಿಸುವುದೇ ನನಗೆ ಅವಮಾನವೆಂಬಂತೆ ಕಂಡಿತ್ತು. ಮಾತಿನಲ್ಲಿ ಅದನ್ನು ತೋರಿಸಲಿಲ್ಲ, ಆದರೆ ಮಾತು ಹೊರಟದ್ದು ಅಲ್ಲಿಂದಲೇ.

ಆಗ ನೋಡಿದ್ದರೆ ಏನಾಗುತ್ತಿತ್ತು ಎಂದು ನಾನು ಲೆಕ್ಕ ಹಾಕಿದ್ದೇನೆ. ಎರಡನೆಯ ಪಾಳಿಯ ಮೊದಲಿಗೆ 3ಸಿ286 ಎಂಬ ಕ್ಯಾಲಿಬ್ರೇಟರ್ ಇಟ್ಟುಕೊಂಡಿದ್ದೆವು. ಅದು ಉತ್ತರದ ಆಕಾಶದ್ದು, ನಾಲ್ಕು ಗಂಟೆಯ ಹೊತ್ತಿಗೂ ಮೇಲೆಯೇ ಇರುತ್ತಿತ್ತು. ಅದನ್ನು ಕೊನೆಗೆ ಸರಿಸಿ, ಎರಡು ಗಂಟೆಗೆ ನೇರವಾಗಿ ಪಪ್ಪಿಸ್ ಎಯಿಂದ ಶುರುಮಾಡಿದ್ದರೆ ಹತ್ತು ಹನ್ನೆರಡು ನಿಮಿಷವಾದರೂ ಉಳಿಯುತ್ತಿತ್ತು. ಆಜ್ಞೆಗಳ ಕಡತದಲ್ಲಿ ಎರಡು ಸಾಲುಗಳನ್ನು ಅದಲುಬದಲು ಮಾಡುವಷ್ಟೇ ಕೆಲಸ. ಮೂರು ಗಂಟೆ ಬಿಡುವಿತ್ತು. ಮಾಡಲಿಲ್ಲ. 3.20ಕ್ಕೆ ಪಪ್ಪಿಸ್ ಎ ಮಿತಿಯ ಕೆಳಗೆ ಹೋಯಿತು. ನಕ್ಷೆಯ ಪ್ರಕಾರ ಇನ್ನೂ 33 ನಿಮಿಷ ಇರಬೇಕಿತ್ತು. ಆಂಟೆನಾಗಳು ನಿಂತವು. ಮುಂದೆ ಹಾಕಲು ಕೈಯಲ್ಲಿ ಬೇರೆ ಯೋಜನೆ ಇರಲಿಲ್ಲ.

ನಾಲ್ಕು ಗಂಟೆಗಳಲ್ಲಿ ಸುಮಾರು ಒಂದು ಗಂಟೆ ಹತ್ತು ನಿಮಿಷ ಹೋಯಿತು. ಕ್ಯಾಲಿಬ್ರೇಟರ್‌ಗಳ ಪಾಲು ಕಳೆದರೆ ಆಕರಕ್ಕೆ ಸಿಗಬೇಕಾದದ್ದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು. ರೇಡಿಯೋ ಚಿತ್ರದ ಗದ್ದಲ ಸಮಯದ ವರ್ಗಮೂಲಕ್ಕೆ ಅನುಸಾರವಾಗಿ ಇಳಿಯುತ್ತದೆ. ಗದ್ದಲ ಅರ್ಧಕ್ಕಿಳಿಯಬೇಕಾದರೆ ನಾಲ್ಕು ಪಟ್ಟು ಸಮಯ ಬೇಕು. ನಮ್ಮ ಚಿತ್ರದಲ್ಲಿ ಗದ್ದಲ ಅಂದಾಜು ಕಾಲು ಪಾಲಿನಷ್ಟು ಹೆಚ್ಚಾಯಿತು. ಸಂಖ್ಯೆಯಾಗಿ ನೋಡಿದರೆ ಪ್ರಳಯವೇನಲ್ಲ. ಆದರೆ ಅವಳು ಹುಡುಕುತ್ತಿದ್ದದ್ದು ಅಂಚಿನ ಮಸುಕು ಭಾಗವನ್ನು. ಅದು ಇದೆ ಎಂದೂ ಇಲ್ಲ ಎಂದೂ ಹೇಳಲಾಗದ ಮಟ್ಟದಲ್ಲಿ ಉಳಿದುಹೋಯಿತು.

ಪ್ರಬಂಧ ಬರೆಯುವಾಗ ಅವಳು ಕೇಳಿದಳು, ಸಮಯ ಕಡಿಮೆಯಾದದ್ದಕ್ಕೆ ಏನು ಬರೆಯುವುದು ಎಂದು. ‘ತಾಂತ್ರಿಕ ಕಾರಣಗಳಿಂದ’ ಎಂದು ಬರೆಯಲು ಹೇಳಿದೆ. ಓದುವವರಿಗೆ ಆ ಮಾತಿನಿಂದ ಅರ್ಥವಾಗುವುದು ದೂರದರ್ಶಕದಲ್ಲಿ ಏನೋ ಕೆಟ್ಟಿತ್ತು ಎಂದೇ. ಆ ರಾತ್ರಿ ದೂರದರ್ಶಕ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು, ಪಾಳಿಯಲ್ಲಿದ್ದವರೂ ಮಾಡಿದ್ದರು. ನಮ್ಮ ಲೆಕ್ಕದಲ್ಲೇ ಏನೋ ಇದೆ ಎಂಬ ಅನುಮಾನ ನನ್ನೊಳಗೆ ಹುಟ್ಟಿತ್ತು. ಹುಡುಕಿದರೆ ಸಿಕ್ಕಿಬಿಡುತ್ತದೆ ಎಂಬ ಹೆದರಿಕೆಯಿಂದ ಹುಡುಕಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಅದೇ ಸಾಲಿನ ಮೇಲೆ ಬೆರಳಿಟ್ಟು ಏನು ಕಾರಣ ಎಂದಾಗ ಅವಳು ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. ಗೊತ್ತಿಲ್ಲದ್ದಕ್ಕೆ ಅವಳು ಉತ್ತರ ಕೊಡಬೇಕಾಯಿತು.

ತಪ್ಪು ತಾನಾಗಿ ಹೊರಬಂದದ್ದು ಕಾಪುವಿನ ನೆಪದಲ್ಲಿ. ಹೊಸ ತಂಡದ ಮಕ್ಕಳು ಹಾರ್ನ್ ಆಂಟೆನಾವನ್ನು ಕಾಪು ಕಡಲ ತೀರಕ್ಕೆ ಒಯ್ಯಬೇಕೆಂದಿದ್ದರು. ಪಶ್ಚಿಮಕ್ಕೆ ಮರವಿಲ್ಲ, ಕಟ್ಟಡವಿಲ್ಲ, 1901ರ ದೀಪಸ್ತಂಭ ನಿಂತಿರುವ ಬಂಡೆಯಿಂದಾಚೆ ಬರೀ ಕಡಲು. ಅದಕ್ಕಾಗಿ ತಂತ್ರಾಂಶದ ಮೇಲಿನ ಸಾಲಿನಲ್ಲಿ ಮಣಿಪಾಲದ ಅಕ್ಷಾಂಶ ರೇಖಾಂಶ ಅಳಿಸಿ ಕಾಪುವಿನದ್ದನ್ನು ಹಾಕಿದೆ. ಬೇರೆಲ್ಲ ಸರಿ ಇದೆಯೇ ನೋಡಲು ಹಳೆಯ ಯೋಜನೆಗಳನ್ನು ಮತ್ತೆ ಓಡಿಸಿದೆ. ‘ಜಿಎಂಆರ್‌ಟಿ’ ಎಂಬ ತಲೆಬರಹದ ನಕ್ಷೆಯಲ್ಲಿ ಪಪ್ಪಿಸ್ ಎ ಮುಳುಗುವ ಹೊತ್ತು 3.53 ಇದ್ದದ್ದು 3.54 ಆಗಿತ್ತು.

ಕಾಪುವಿನಲ್ಲಿ ಏನು ಬದಲಾದರೂ ಖೋಡದ್‌ನ ಆಕಾಶ ಒಂದು ನಿಮಿಷವೂ ಅಲುಗಬಾರದು. ನೋಡುತ್ತಿದ್ದಂತೆ ಎಲ್ಲ ಅರ್ಥವಾಯಿತು. ದೂರದರ್ಶಕದ ಹೆಸರು ಬದಲಿಸಿದ್ದೆ, ಮಿತಿಯ ಕೋನ ಬದಲಿಸಿದ್ದೆ, ಕ್ಯಾಲಿಬ್ರೇಟರ್ ಪಟ್ಟಿ ಬದಲಿಸಿದ್ದೆ. ಜಾಗ ಬದಲಿಸಿರಲಿಲ್ಲ. ನನ್ನ ತಂತ್ರಾಂಶ ಜಿಎಂಆರ್‌ಟಿಯನ್ನು ಮಣಿಪಾಲದಲ್ಲಿಟ್ಟು ಲೆಕ್ಕ ಹಾಕಿತ್ತು.

ಖೋಡದ್‌ನ ಅಕ್ಷಾಂಶ 19.1 ಡಿಗ್ರಿ, ಮಣಿಪಾಲಕ್ಕಿಂತ ಆರು ಡಿಗ್ರಿಗೆ ಹತ್ತಿರಹತ್ತಿರ ಉತ್ತರಕ್ಕೆ. ಉತ್ತರಕ್ಕೆ ಹೋದಷ್ಟೂ ದಕ್ಷಿಣದ ಆಕಾಶ ಕೆಳಗಿಳಿಯುತ್ತದೆ. ಮಣಿಪಾಲದಲ್ಲಿ ಪಪ್ಪಿಸ್ ಎ ಹೆಚ್ಚೆಂದರೆ 33 ಡಿಗ್ರಿ ಚಿಲ್ಲರೆ ಏರುತ್ತದೆ, ಖೋಡದ್‌ನಲ್ಲಿ 28 ಡಿಗ್ರಿ ಮುಟ್ಟುವುದೂ ಕಷ್ಟ. 17 ಡಿಗ್ರಿಯ ಮಿತಿಯ ಮೇಲೆ ಮಣಿಪಾಲದಲ್ಲಾದರೆ ಆರೂ ಮುಕ್ಕಾಲು ಗಂಟೆ ಇರುತ್ತಿತ್ತು, ಖೋಡದ್‌ನಲ್ಲಿ ಇರುವುದು ಐದೂವರೆ ಗಂಟೆ. ರೇಖಾಂಶದ ವ್ಯತ್ಯಾಸ ಮೂರೇ ನಿಮಿಷದ್ದು. ಅಕ್ಷಾಂಶವೇ ಎಲ್ಲವನ್ನೂ ತಿಂದದ್ದು. ಇದೇ ತಂತ್ರಾಂಶವನ್ನು ನಮ್ಮದೇ ರಾಜ್ಯದ ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯಕ್ಕೆ ಬಳಸಿದ್ದರೆ ತಪ್ಪು ಬಹುಶಃ ಗೊತ್ತೇ ಆಗುತ್ತಿರಲಿಲ್ಲ. ಗೌರಿಬಿದನೂರು 13.6 ಡಿಗ್ರಿಯಲ್ಲಿದೆ, ಹೆಚ್ಚುಕಡಿಮೆ ಮಣಿಪಾಲದ ಸಮಕ್ಕೆ. ಹತ್ತು ನಿಮಿಷ ಮೊದಲೋ ನಂತರವೋ ಎಂದಾಗಿ ಹೋಗುತ್ತಿತ್ತು. ಕೆಲವು ತಪ್ಪುಗಳು ಹೀಗೆ ಅನುಕೂಲವಾದ ಜಾಗದಲ್ಲಿ ಅಡಗಿಕೊಂಡು ವರ್ಷಗಟ್ಟಲೆ ಬದುಕುತ್ತವೆ.

ನಮ್ಮ ಮನೆಯಲ್ಲಿ ಮುಂಬೈಯ ನೆಂಟರು ಮುಹೂರ್ತ ಕೇಳಲು ಫೋನ್ ಮಾಡಿದರೆ ಅಜ್ಜ ಪಂಚಾಂಗ ತೆರೆಯುವ ಮೊದಲೇ ಕೇಳುತ್ತಿದ್ದರು, “ಕಾರ್ಯ ಎಲ್ಲಿ, ಅಲ್ಲಿಯಾ ಇಲ್ಲಿಯಾ?” ಉಡುಪಿಯ ಪಂಚಾಂಗದ ಸೂರ್ಯೋದಯ ಉಡುಪಿಗೆ. ಮುಂಬೈಗಾದರೆ ನಿಮಿಷಗಳನ್ನು ಕೂಡಿಸಿ ಕಳೆಯಬೇಕು. ವಿಜ್ಞಾನ ಓದದ ಅಜ್ಜ ಮೊದಲು ಕೇಳುತ್ತಿದ್ದ ಪ್ರಶ್ನೆಯನ್ನು ನಾನು ಒಂದು ಸಾಲಿನಲ್ಲಿ ಬರೆದು ಅಲ್ಲೇ ಬಿಟ್ಟುಬಿಟ್ಟಿದ್ದೆ.

ಅಂದೇ ವಿದ್ಯಾರ್ಥಿನಿಗೆ ಫೋನ್ ಮಾಡಿದೆ. ಅವಳು ಆಗಲೇ ಊರು ಬಿಟ್ಟು ಮುಂದಿನ ಓದಿಗೆ ಹೋಗಿದ್ದಳು. ಆದದ್ದನ್ನೆಲ್ಲ ಹೇಳಿದೆ. ಬಿಡುವಿನ ಮೂರು ಗಂಟೆಯಲ್ಲಿ ಅವಳು ಕೇಳಿದ್ದೇ ಸರಿಯಾದ ಪ್ರಶ್ನೆ ಎಂದೂ, ಮೌಖಿಕ ಪರೀಕ್ಷೆಯಲ್ಲಿ ನಾನು ಸುಮ್ಮನಿದ್ದದ್ದು ಅವಳಿಗೆ ಮಾಡಿದ ಅನ್ಯಾಯವೆಂದೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಾನು ಆವತ್ತು ಇನ್ನೊಂದು ಸಲ ಕೇಳಬೇಕಿತ್ತು ಸರ್” ಎಂದಳು. ಅದನ್ನು ಕೇಳಿ ನನಗೆ ಹೆಚ್ಚು ನೋವಾಯಿತು. ಕೇಳಿದ ಪ್ರಶ್ನೆಯನ್ನು ಮುಚ್ಚಿಹಾಕಿದ ದೊಡ್ಡವರ ತಪ್ಪಿಗೆ, ಚಿಕ್ಕವರು ತಾವು ಗಟ್ಟಿಯಾಗಿ ಕೇಳಲಿಲ್ಲವಲ್ಲ ಎಂದು ಕೊರಗುತ್ತಾರೆ. ಪ್ರಬಂಧಕ್ಕೆ ತಿದ್ದುಪಡಿಯ ಪುಟವೊಂದನ್ನು ಇಬ್ಬರೂ ಸೇರಿ ಬರೆದೆವು. ‘ತಾಂತ್ರಿಕ ಕಾರಣಗಳಿಂದ’ ಎಂಬ ಮಾತು ತೆಗೆದು, ಯೋಜನಾ ತಂತ್ರಾಂಶದಲ್ಲಿ ವೀಕ್ಷಣಾ ಸ್ಥಳವನ್ನು ತಪ್ಪಾಗಿ ಕೊಟ್ಟದ್ದರಿಂದ ಎಂದು ಬರೆದು, ಅದರ ಹೊಣೆ ನನ್ನದೆಂದು ಸಹಿ ಹಾಕಿದೆ. ಪರೀಕ್ಷಕರಿಗೂ ವೀಕ್ಷಣಾಲಯಕ್ಕೂ ಕಳಿಸಿದೆ.

ಈ ಶಾಸ್ತ್ರದ ಇತಿಹಾಸದಲ್ಲಿ ತಪ್ಪೊಪ್ಪಿಗೆಯ ದೊಡ್ಡ ಮಾದರಿಯೊಂದಿದೆ. ಅದನ್ನು ನಾನು ವರ್ಷವರ್ಷವೂ ಪಾಠ ಮಾಡಿದ್ದೆ, ನನಗೇ ಪಾಠವಾಗಿರಲಿಲ್ಲ. 1991ರಲ್ಲಿ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್ ವೀಕ್ಷಣಾಲಯದ ಆಂಡ್ರ್ಯೂ ಲೈನ್ ಮತ್ತು ಸಂಗಡಿಗರು ಪಲ್ಸಾರ್ ಎಂಬ, ಲಯಬದ್ಧವಾಗಿ ರೇಡಿಯೋ ಮಿಡಿತ ಹೊರಡಿಸುವ ನಕ್ಷತ್ರವೊಂದರ ಸುತ್ತ ಗ್ರಹ ಕಂಡಿತೆಂದು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಲ್ಸಾರ್‌ನ ಮಿಡಿತ ಆರು ತಿಂಗಳಿಗೊಮ್ಮೆ ಹಿಂದುಮುಂದಾಗುತ್ತಿತ್ತು. ಜಗತ್ತೆಲ್ಲ ಸುದ್ದಿಯಾಯಿತು. ಮುಂದೆ ಲೈನ್ ಮತ್ತೆ ಲೆಕ್ಕ ನೋಡಿದಾಗ ಕಂಡದ್ದು ಬೇರೆ. ಪಲ್ಸಾರ್‌ನ ಸ್ಥಾನ ತುಸು ತಪ್ಪಾಗಿ ದಾಖಲಾಗಿತ್ತು, ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲ ಎಂಬುದನ್ನು ಆ ಹಂತದ ಲೆಕ್ಕದಲ್ಲಿ ಹಿಡಿದಿರಲಿಲ್ಲ. ಗ್ರಹವೆಂದು ಕಂಡದ್ದು ಭೂಮಿಯದೇ ಚಲನೆಯ ನೆರಳು. 1992ರ ಜನವರಿಯಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಖಗೋಳ ವಿಜ್ಞಾನಿಗಳ ಸಭೆ. ಅಲ್ಲಿ ಗ್ರಹದ ಬಗ್ಗೆ ಮಾತಾಡಲು ಬಂದಿದ್ದ ಲೈನ್, ವೇದಿಕೆಯ ಮೇಲೆ ನಿಂತು ಗ್ರಹ ಇಲ್ಲ, ತಪ್ಪು ನಮ್ಮದು ಎಂದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅದೇ ಸಭೆಯಲ್ಲಿ ಅಲೆಕ್ಸಾಂಡರ್ ವೋಲ್‌ಷ್ಚಾನ್ ಇನ್ನೊಂದು ಪಲ್ಸಾರ್‌ನ ಗ್ರಹಗಳನ್ನು ಸಾದರಪಡಿಸಿದರು, ಅವು ನಿಜವಾಗಿದ್ದವು, ಇಂದಿಗೂ ನಿಂತಿವೆ.

ಲೈನ್ ಅವರ ತಪ್ಪಿನ ಮೂಲವನ್ನು ಗಮನಿಸಿ. ನೋಡುವವರು ಎಲ್ಲಿದ್ದಾರೆ, ಹೇಗೆ ಚಲಿಸುತ್ತಿದ್ದಾರೆ ಎಂಬುದನ್ನು ಲೆಕ್ಕದಲ್ಲಿ ಸರಿಯಾಗಿ ಹಿಡಿಯದಿದ್ದದ್ದು. ಆಕಾಶದ ಬಗ್ಗೆ ನಾವು ಹೇಳುವ ಎಲ್ಲ ಮಾತುಗಳ ಅಡಿಯಲ್ಲಿ ನಮ್ಮ ಕಾಲ ಕೆಳಗಿನ ನೆಲದ ಮಾತೊಂದು ಇರುತ್ತದೆ. ಊಟಿಯ ದೂರದರ್ಶಕವನ್ನು ಕಟ್ಟಿದವರು ಇದನ್ನು ಕಬ್ಬಿಣದಲ್ಲೇ ಬರೆದಿಟ್ಟರು. 530 ಮೀಟರ್ ಉದ್ದ, 30 ಮೀಟರ್ ಅಗಲದ ಆ ದೂರದರ್ಶಕ 1970ರಿಂದ ಕೆಲಸ ಮಾಡುತ್ತಿದೆ. ಊಟಿಯ ಅಕ್ಷಾಂಶ ಸುಮಾರು 11 ಡಿಗ್ರಿ. ಅಷ್ಟೇ ಇಳಿಜಾರಿನ ಗುಡ್ಡವೊಂದನ್ನು ಗೋವಿಂದ ಸ್ವರೂಪ್ ಮತ್ತು ಸಂಗಡಿಗರು ಹುಡುಕಿ, ಗುಡ್ಡದ ಮೈಗೆ ಅದನ್ನು ಮಲಗಿಸಿದರು. ಅದರ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರವಾಯಿತು, ಒಂದೇ ಅಚ್ಚಿನ ಸುತ್ತ ತಿರುಗಿಸಿದರೆ ಆಕರವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದಾಯಿತು. ಅದನ್ನು ಬೇರೆ ಊರಿನ ಲೆಕ್ಕದಲ್ಲಿ ಓಡಿಸಲು ಬರುವುದೇ ಇಲ್ಲ, ಗುಡ್ಡವೇ ತಡೆಯುತ್ತದೆ. ತಂತ್ರಾಂಶಕ್ಕೆ ಅಂಥ ಗುಡ್ಡವಿಲ್ಲ. ಯಾವ ಸಂಖ್ಯೆ ಕೊಟ್ಟರೂ ಅಷ್ಟೇ ನಂಬಿಕೆಯಿಂದ, ಅಷ್ಟೇ ಚೆಂದದ ನಕ್ಷೆ ಬಿಡಿಸುತ್ತದೆ. ತಡೆಯುವ ಕೆಲಸವನ್ನು ನಾವೇ ಮಾಡಬೇಕು.

ಈಗ ನಾವು ಮಾಡುವುದನ್ನು ಹೇಳುತ್ತೇನೆ. ತಂತ್ರಾಂಶದಲ್ಲಿ ಸ್ಥಳಕ್ಕೆ ಪೂರ್ವನಿಗದಿತ ಬೆಲೆ ಇಲ್ಲ. ಸ್ಥಳ ಕೊಡದಿದ್ದರೆ ಅದು ಓಡುವುದೇ ಇಲ್ಲ. ನಕ್ಷೆಯ ತಲೆಬರಹವನ್ನು ಯಾರೂ ಕೈಯಿಂದ ಬರೆಯುವಂತಿಲ್ಲ, ಲೆಕ್ಕಕ್ಕೆ ಬಳಸಿದ ಅಕ್ಷಾಂಶ ರೇಖಾಂಶಗಳೇ ಅಲ್ಲಿ ಅಚ್ಚಾಗುತ್ತವೆ. ಸಮಯದ ಪಕ್ಕದಲ್ಲಿ ಅದು ಭಾರತೀಯ ಕಾಲವೋ ಗ್ರೀನಿಚ್ ಕಾಲವೋ ಎಂದು ಬರೆದಿರುತ್ತದೆ, ಐದೂವರೆ ಗಂಟೆಯ ಗೊಂದಲಕ್ಕೆ ಎಡೆಯಿಲ್ಲ. ವೀಕ್ಷಣಾಲಯವೇ ಒದಗಿಸುವ ಲೆಕ್ಕದಲ್ಲಿ ಅದೇ ಆಕರವನ್ನು ಹಾಕಿ ನೋಡುತ್ತೇವೆ. ಸ್ಟೆಲೇರಿಯಂನಂಥ ಉಚಿತ ತಂತ್ರಾಂಶದಲ್ಲೂ ಊರು ಬದಲಿಸಿ ನೋಡುತ್ತೇವೆ. ಮೂರರಲ್ಲಿ ಒಂದು ಬೇರೆ ಹೇಳಿದರೆ ಕಾರಣ ಸಿಗುವವರೆಗೆ ಮುಂದೆ ಹೋಗುವುದಿಲ್ಲ. ಆಕರ ನೆತ್ತಿಯ ಗೆರೆ ದಾಟುವಾಗ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನು ಒಬ್ಬರು ಕಾಗದದ ಮೇಲೆ ಕೂಡಿ ಕಳೆದು ಹೇಳಬೇಕು. ತೊಂಬತ್ತರಿಂದ ಊರಿನ ಅಕ್ಷಾಂಶ ಕಳೆದು, ಆಕರ ದಕ್ಷಿಣಕ್ಕೆ ಎಷ್ಟು ಡಿಗ್ರಿ ಇದೆಯೋ ಅದನ್ನೂ ಕಳೆದರಾಯಿತು. ಈ ಒಂದು ಕಳೆಯುವ ಲೆಕ್ಕವನ್ನು ಖೋಡದ್‌ಗೆ ಹೋಗುವ ಮೊದಲು ಮಾಡಿದ್ದರೆ 28ರ ಬದಲು 33 ಎಂದು ತೋರಿಸುತ್ತಿದ್ದ ನಕ್ಷೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ತಂತ್ರಾಂಶಕ್ಕೆ ಕಾಣದ ದಿಗಂತವನ್ನೂ ಮಕ್ಕಳಿಗೆ ತೋರಿಸುತ್ತೇವೆ. ಲೆಕ್ಕದ ದಿಗಂತ ಎಲ್ಲ ಕಡೆಗೂ ಸೊನ್ನೆ ಡಿಗ್ರಿ. ಕಾಪುವಿನಲ್ಲಿ ಪಶ್ಚಿಮಕ್ಕೆ ಅದು ನಿಜ. ಕಾರ್ಕಳದಲ್ಲಿ ಪೂರ್ವಕ್ಕೆ ತಿರುಗಿದರೆ ಘಟ್ಟದ ಸಾಲು ಎದ್ದು ನಿಂತಿದೆ, ಮೂಡುವ ಆಕರ ಲೆಕ್ಕಕ್ಕಿಂತ ತಡವಾಗಿ ಕಾಣುತ್ತದೆ. ಮಣಿಪಾಲದಲ್ಲಿ ಕಟ್ಟಡಗಳು, ಊರ ಅಂಗಳಗಳಲ್ಲಿ ತೆಂಗು. ನೀರು ತುಂಬಿದ ಮರವೂ ಬಿಸಿಲಿಗೆ ಕಾದ ಮುರಕಲ್ಲಿನ ನೆಲವೂ ತಾವೇ ರೇಡಿಯೋ ಗದ್ದಲ ಹೊರಡಿಸುತ್ತವೆ. ಹಾರ್ನ್ ಅವುಗಳ ಕಡೆ ಬಾಗಿದರೆ ಆಕಾಶದ ಕ್ಷೀಣ ಸಂಕೇತ ಮುಳುಗಿಹೋಗುತ್ತದೆ. ಪ್ರತಿ ತಂಡವೂ ತಾನು ನಿಲ್ಲುವ ಜಾಗಕ್ಕೆ ಹಗಲಲ್ಲಿ ಹೋಗಿ, ಸುತ್ತ ಹತ್ತು ಹತ್ತು ಡಿಗ್ರಿಗೆ ಒಮ್ಮೆ ದಿಗಂತದ ಎತ್ತರ ಅಳೆದು ತಂತ್ರಾಂಶಕ್ಕೆ ಕೊಡುತ್ತದೆ. ಅಳೆದವರಿಗೆ ಆ ಸಂಖ್ಯೆಗಳು ಬರೀ ಸಂಖ್ಯೆಗಳಾಗಿ ಉಳಿಯುವುದಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ನಿಯಮ ತಂತ್ರಾಂಶದಲ್ಲಿ ಬರೆಯಲು ಬಾರದ್ದು. ಯೋಜನೆಯನ್ನು ಅಂತಿಮಗೊಳಿಸುವ ಮೊದಲು ತಂಡದ ಅತ್ಯಂತ ಕಿರಿಯರು ಅದನ್ನು ಓದಿ ಒಂದು ಪ್ರಶ್ನೆಯಾದರೂ ಕೇಳಬೇಕು. ಆ ಪ್ರಶ್ನೆಗೆ ಉತ್ತರವನ್ನು ಮಾತಿನಲ್ಲಿ ಕೊಟ್ಟರೆ ಸಾಲದು, ಎಲ್ಲರೆದುರು ಮಾಡಿ ತೋರಿಸಬೇಕು. ಪ್ರಶ್ನೆ ಸರಳ ಎಂದು ಯಾರೂ ತಳ್ಳಿಹಾಕುವಂತಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ಈ ನಿಯಮ ನನಗೆ. ತಂತ್ರಾಂಶ ಬರೆದವರಿಗೆ ಅದರ ತಪ್ಪು ಕಾಣುವುದು ಕಷ್ಟ, ಏಕೆಂದರೆ ಅವರು ನೋಡುವುದು ಬರೆಯಬೇಕೆಂದುಕೊಂಡದ್ದನ್ನು. ಬರೆದದ್ದನ್ನು ನೋಡಬಲ್ಲವರು ಹೊರಗಿನವರು.

ಮುಂದಿನ ದಿನಗಳಲ್ಲಿ ಇದು ಇನ್ನೂ ಬೇಕಾಗುತ್ತದೆ. ಸ್ಕ್ವೇರ್ ಕಿಲೋಮೀಟರ್ ಅರೇ ಎಂಬ ಜಾಗತಿಕ ದೂರದರ್ಶಕದ ಒಂದು ಭಾಗ ದಕ್ಷಿಣ ಆಫ್ರಿಕಾದ ಕರೂ ಬಯಲಿನಲ್ಲಿ, ಇನ್ನೊಂದು ಆಸ್ಟ್ರೇಲಿಯಾದ ಪಶ್ಚಿಮದಲ್ಲಿ ಏಳುತ್ತಿದೆ. ಭಾರತವೂ ಅದರಲ್ಲಿ ಪಾಲುದಾರ, 1,250 ಕೋಟಿ ರೂಪಾಯಿಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಖೋಡದ್‌ನಲ್ಲಿ ದಿಗಂತದ ಬಳಿ ತೆವಳುವ ಪಪ್ಪಿಸ್ ಎ ಕರೂವಿನಲ್ಲಿ ನೆತ್ತಿಯ ಹತ್ತಿರ ಹಾದುಹೋಗುತ್ತದೆ. ಉಡುಪಿಯ ಮಕ್ಕಳು ಒಮ್ಮೆಯೂ ಕಾಲಿಡದ ನೆಲಕ್ಕೆ, ಕಂಡಿರದ ಆಕಾಶಕ್ಕೆ ಇಲ್ಲಿಂದಲೇ ಯೋಜನೆ ಬರೆಯುವ ಕಾಲ ಬರುತ್ತಿದೆ. ಬರೆಯಲಿ, ಧೈರ್ಯವಾಗಿ ಬರೆಯಲಿ. ಬರೆದ ಮೇಲೆ ಪಕ್ಕದವರ ಕೈಗೆ ಕೊಟ್ಟು, ಇದು ಯಾವ ಊರಿನ ಆಕಾಶ ಎಂದು ಕೇಳಿಸಿಕೊಳ್ಳಲಿ. ಅವರಿಗೆ ಕಲಿಸುವ ನಮ್ಮಂಥವರು ಆ ಪ್ರಶ್ನೆ ಬಂದಾಗ ಬೇಡ ಎನ್ನದಿರೋಣ. ತಪ್ಪಾದಾಗ, ಮೌಖಿಕ ಪರೀಕ್ಷೆಯ ಕೋಣೆಯಲ್ಲಿ ವಿದ್ಯಾರ್ಥಿ ನಮ್ಮ ಮುಖ ನೋಡುವ ಮೊದಲೇ, ಅದು ನನ್ನದು ಎಂದು ಹೇಳೋಣ.